ನಿಮ್ಮ ಅಜ್ಜನ ಶಾಲು, ಅವಳ ಊರಿನ ಆಸ್ಪತ್ರೆ

ಕೆಲ್ಲಿವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಘಾನಾ ದೇಶದ ಅಕ್ಕನನ್ನು ಮೊಮ್ಮಕ್ಕಳಾದ ನೀವು ಮರೆತಿರಲಾರಿರಿ. ಬೇಲಿಯ ಮೇಲಿಂದ ಕೈಚಾಚಿ ನಿಮಗೆ ಕರಿದ ಬಾಳೆಕಾಯಿ ಕೊಡುತ್ತಿದ್ದಳು. ನಾನು ಯಾರನ್ನೂ ನಾನಾಗಿ ಮಾತನಾಡಿಸುವವಳಲ್ಲ. ಆದರೆ ಅವಳು ಬೆಂಡೆ ಹಾಕಿದ್ದನ್ನು ಕಂಡು ನಿಂತುಬಿಟ್ಟೆ. ಸೆರಗು ತುಂಬ ಕಿತ್ತುಕೊಟ್ಟಳು. ನನ್ನದು ಹಳ್ಳಿ ಶಾಲೆಯ ಇಂಗ್ಲಿಷ್. ಹಾಗಾಗಿ ನಿಮ್ಮಲ್ಲಿ ದೊಡ್ಡವಳು ನಮ್ಮಿಬ್ಬರ ನಡುವೆ ಕೂತು ಮಾತು ದಾಟಿಸುತ್ತಿದ್ದಳು.

ಅಕ್ಕ ನರ್ಸ್ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಅವಳಿಗಿದ್ದದ್ದು ಒಂದೇ ಆಸೆ. ತನ್ನ ಊರಿಗೆ ಹಿಂದಿರುಗಿ ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಬೇಕು. ಆಸ್ಪತ್ರೆ ಕಟ್ಟಿಯಾಗಿತ್ತು, ಸುಣ್ಣಬಣ್ಣವೂ ಆಗಿತ್ತು, ಮಂಚಗಳು ಪ್ಲಾಸ್ಟಿಕ್ ಸುತ್ತಿದ ಹಾಗೇ ಒಳಗೆ ಬಂದಿದ್ದವು. ಬಾಗಿಲು ತೆರೆಯುವ ಮುಂಚೆ ಚುನಾವಣೆ ಬಂದು ಸರ್ಕಾರ ಬದಲಾಯಿತು. ಹೊಸಬರಿಗೆ ಅದು ಹಳಬರ ಆಸ್ಪತ್ರೆ. ಕರೆಂಟ್ ಕೊಡಲಿಲ್ಲ, ಸಿಬ್ಬಂದಿ ಕಳಿಸಲಿಲ್ಲ, ಬೀಗ ತೆಗೆಯಲಿಲ್ಲ. ಅದರ ಎದುರಿನ ಹಾಳು ರಸ್ತೆಯಲ್ಲೇ ಬಸುರಿಯರು ಬೈಕಿನ ಹಿಂದೆ ಕೂತು ಪಟ್ಟಣಕ್ಕೆ ಹೋಗಬೇಕಿತ್ತು. ಅವಳ ತಂಗಿಯ ಮಗಳಿಗೆ ಆ ದಾರಿಯಲ್ಲೇ ಹೆರಿಗೆಯಾಗಿ ಕೂಸು ಉಳಿಯಲಿಲ್ಲ.

"ನಮ್ಮಲ್ಲಿ ವೋಟು ಸರಿಯಾಗೇ ನಡೆಯುತ್ತೆ ಸಿಸ್ಟರ್. ಸೋತವರು ಸುಮ್ಮನೆ ಇಳಿದು ಹೋಗ್ತಾರೆ. ಗೆದ್ದವರು ಹಳೇ ಬೀಗದ ಕಡೆ ತಿರುಗಿ ನೋಡಲ್ಲ, ಅಷ್ಟೇ," ಅಂದಳು.

"ನಮ್ಮೂರಾಗೂ ಹಂಗ ಅಕ್ಕ. ಪಂಚಾಯ್ತಿ ಹಳೇ ಅಧ್ಯಕ್ಷ ಕಟ್ಟಿಸಿದ ನೀರಿನ ಟಾಕಿಗೆ ಹೊಸಾ ಅಧ್ಯಕ್ಷ ಪೈಪ್ ಜೋಡಿಸಲೇ ಇಲ್ಲ. ಮ್ಯಾಲೆ ಕಾಗಿ ಕುಂತಿರ್ತಾವು," ಅಂದೆ. ಇಬ್ಬರೂ ನಕ್ಕೆವು. ಈಗ ಆ ನಗು ನೆನೆದರೆ ಸಂಕಟವಾಗುತ್ತದೆ.

ಅವಳ ದೇಶದ ಮಂತ್ರಿಯೊಬ್ಬರು ಮೆಲ್ಬರ್ನ್‌ಗೆ ಬಂದು ತಮ್ಮ ಜನರನ್ನು ಕಾಣುತ್ತಾರೆಂದು ಸುದ್ದಿ ಬಂತು. ಎಲ್ಲರೆದುರು ಆ ಬೀಗದ ವಿಷಯ ಕೇಳಿಯೇ ತೀರುತ್ತೇನೆ ಎಂದು ಅವಳು ಹಟ ಹಿಡಿದಳು. ಶಾಲೆಗೆ ರಜೆಯಿತ್ತು. ನಾನೂ ದೊಡ್ಡವಳೂ ಅದೇ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿರುವ ನಿಮ್ಮ ಮಾಮನ ಮನೆಗೆ ಹೊರಟಿದ್ದೆವು. ಅವಳೂ ಜೊತೆಗೆ ಬಂದಳು.

ಅದಕ್ಕೆ ಮುಂಚೆ ಅವಳನ್ನು ಪ್ಯಾರಮಟ್ಟಾದಲ್ಲಿ ನಮ್ಮವರ ರಾಜ್ಯೋತ್ಸವಕ್ಕೆ ಕರೆದೊಯ್ದಿದ್ದೆವು. ಊರಿಂದ ಬಂದ ಶಾಸಕರೊಬ್ಬರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟಿದ್ದನ್ನು ಕಣ್ಣರಳಿಸಿ ನೋಡಿದ್ದಳು. ಅದು ಅವಳ ತಲೆಯಲ್ಲಿ ಕೂತಿತ್ತು.

"ಶಾಲು ಹಾಕುವಾಗ ಆ ಮನುಷ್ಯ ಬಗ್ಗಿದ್ದು ನೋಡಿದೆಯಾ? ನಮ್ಮ ಮಂತ್ರಿಗೂ ಶಾಲು ಹಾಕ್ತೀನಿ, ಕಿವಿ ನನ್ನ ಬಾಯಿ ಹತ್ರ ಬರುತ್ತೆ. ಆಗ ಕೇಳಿಬಿಡ್ತೀನಿ!"

"ಬ್ಯಾಡಕ್ಕ. ನಮ್ಮಲ್ಲಿ ಶಾಲು ಹೊದಿಸಿದ ಮ್ಯಾಲೆ ಯಾರೂ ಏನೂ ಕೇಳಂಗಿಲ್ಲ."

"ಅದು ನಿಮ್ಮವರು. ನಮ್ಮ ಹೆಂಗಸರ ಬಾಯಿ ನಿನಗೆ ಗೊತ್ತಿಲ್ಲ," ಎಂದು ನನ್ನ ಬೆನ್ನಿಗೊಂದು ಗುದ್ದಿದಳು.

ನನ್ನ ಹತ್ತಿರ ಇದ್ದದ್ದು ಒಂದೇ ಶಾಲು. ನಿಮ್ಮ ಅಜ್ಜ ಶಾಲೆಯಿಂದ ನಿವೃತ್ತರಾದ ದಿನ ಊರವರು ಹೊದಿಸಿದ್ದು. ಅವರು ಅದನ್ನು ಮತ್ತೆ ಹೊದೆದದ್ದೇ ಇಲ್ಲ. ಅದನ್ನೇ ಕೊಟ್ಟೆ.

ಮೆಲ್ಬರ್ನ್‌ನ ಆ ಹಾಲ್ ತುಂಬಿತ್ತು. ಮಂತ್ರಿಗಳು ತಡವಾಗಿ ಬಂದರು. ಹಳದಿ ಉಡುಪಿನಲ್ಲಿ ಅಕ್ಕ ಶಾಲು ಹಿಡಿದು ವೇದಿಕೆ ಹತ್ತಿದಳು. ಅವಳು ಎಣಿಸಿದ ಹಾಗೆಯೇ ಅವರು ಬಗ್ಗಿದರು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಜನ ಎದ್ದು ಚಪ್ಪಾಳೆ ಹೊಡೆದರು, ಡೋಲು ಬಾರಿಸಿದರು. ಮಂತ್ರಿಗಳು ಅವಳ ಕೈ ಹಿಡಿದು ಕ್ಯಾಮೆರಾ ಕಡೆ ತಿರುಗಿಸಿ ಮೈಕಿನಲ್ಲಿ ಏನೋ ಹೇಳಿದರು.

"ಏನಂತಾರ?" ಎಂದು ದೊಡ್ಡವಳನ್ನು ಕೇಳಿದೆ.

"ಆಂಟಿಯ ವಿಲೇಜ್‌ಗೆ ಥ್ಯಾಂಕ್ಸ್ ಅಂತೆ ಅಜ್ಜಿ. ಅಲ್ಲಿನ ಜನ ಹ್ಯಾಪಿಯಾಗಿದಾರೆ ಅಂತ ಈ ಶಾಲು ನೋಡಿದ್ರೇ ಗೊತ್ತಾಗುತ್ತಂತೆ."

ಆಮೇಲೆ ಪ್ರಶ್ನೆಗಳ ಸಮಯ ಬಂತು. ಅಕ್ಕ ಕೈ ಎತ್ತಿದಳು. ಸಭೆ ನಡೆಸುತ್ತಿದ್ದ ಹುಡುಗ ನಕ್ಕು, "ಆಂಟಿ, ನಿಮ್ಮ ಸರದಿ ಆಯ್ತಲ್ಲ, ಬೇರೆಯವರಿಗೂ ಬಿಡಿ," ಅಂದನಂತೆ. ಜನರೂ ನಕ್ಕರು. ಅವಳು ಮತ್ತೆ ಎತ್ತಿದಳು. ಮೈಕು ತಮ್ಮ ದೇಶದಲ್ಲಿ ಸೈಟು ಕೊಳ್ಳುವ ಬಗ್ಗೆ ಕೇಳುವವರ ಕಡೆ ಹೋಯಿತು. ಊಟದ ವಾಸನೆ ಬರುವ ಹೊತ್ತಿಗೆ ಮಂತ್ರಿಗಳು ಶಾಲು ಹೊದ್ದುಕೊಂಡೇ ಕಾರು ಹತ್ತಿದ್ದರು.

ಟ್ರೇನ್ ಹತ್ತಿ ಕೊನೆಯ ಸ್ಟೇಷನ್ನಾದ ಗ್ಲೆನ್ ವೇವರ್ಲಿಗೆ ಬಂದೆವು. ಇಳಿಯುವಾಗ ಅಕ್ಕ, "ನೀನು ಹೇಳಿದ್ದೆ," ಅಂದಳು. ನನ್ನ ಮಾತು ಸುಳ್ಳಾಗಬಾರದಿತ್ತೇ ಅನ್ನಿಸಿತು.

ಆಮೇಲೆ ಅವಳ ಮಂಡಿನೋವು ಹೆಚ್ಚಿತು. ಅವಳ ಮಗಳು ದೂರದ ಪರ್ತ್‌ಗೆ ಕರೆದುಕೊಂಡು ಹೋದಳು. ಊರಿಗೆ ಹೋಗುವ ಮಾತು ನಿಂತೇ ಹೋಯಿತು. ಅಪರೂಪಕ್ಕೆ ಫೋನ್ ಮಾಡಿದಾಗ ನಾನು ಕೇಳುತ್ತೇನೆ. ಬೀಗ ಹಾಗೇ ಇದೆಯಂತೆ.

ಆ ದಿನದ ಫೋಟೋ ಅವರ ದೇಶದ ಪತ್ರಿಕೆಯಲ್ಲಿ ಬಂದದ್ದನ್ನು ಅವಳು ಕಳಿಸಿದ್ದಳು. ದೊಡ್ಡವಳ ಫೋನಿನಲ್ಲಿ ಇನ್ನೂ ಇರಬೇಕು, ನೋಡಿ. ಮಂತ್ರಿಗಳ ಹೆಗಲ ಮೇಲೆ ನಿಮ್ಮ ಅಜ್ಜನ ಶಾಲು ಇದೆ. ಪಕ್ಕದಲ್ಲಿ ಅವಳು, ಬಾಯಿ ಅರ್ಧ ತೆರೆದುಕೊಂಡು. ಗೊತ್ತಿಲ್ಲದವರು ನೋಡಿದರೆ ನಗುತ್ತಿದ್ದಾಳೆ ಅಂದುಕೊಳ್ಳುತ್ತಾರೆ.