ನೆನೆಸದ ಬಟ್ಟೆ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕತ್ತರಿಯಮ್ಮ ಎಂದೇ. ಮೂವತ್ತು ವರ್ಷದಿಂದ ಟೇಲರ್ ಅಂಗಡಿ ನಡೆಸುತ್ತಿದ್ದವಳು. ಕೋಪ ಸದಾ ಮೂಗಿನ ತುದಿಯಲ್ಲೇ. ಅವಳ ಕಟ್ಟುನಿಟ್ಟು ಎಲ್ಲರಿಗೂ ಗೊತ್ತಿತ್ತು. ಹತ್ತಿಬಟ್ಟೆ ಯಾರೇ ತರಲಿ, ಮೊದಲು ಹಿಂದಿನ ತೊಟ್ಟಿಯಲ್ಲಿ ಒಂದು ದಿನ ನೆನೆಯಬೇಕು, ನೆರಳಲ್ಲಿ ಒಣಗಬೇಕು, ಇಸ್ತ್ರಿಯಾಗಬೇಕು. ಕುಗ್ಗುವುದೆಲ್ಲ ಕುಗ್ಗಿದ ಮೇಲೇ ಕತ್ತರಿ. ನಾಳೆಗೇ ಬೇಕು ಅಂದವರಿಗೆ, "ಹಂಗಾದ್ರೆ ರೆಡಿಮೇಡ್ ತಗೊಳ್ಳಿ, ನನ್ನ ತಲೆ ತಿನ್ಬೇಡಿ" ಎಂದು ಬಾಗಿಲು ತೋರಿಸುತ್ತಿದ್ದಳು.

ಎರಡನೇ ಮಿಷನ್ನಿಗೆ ಕೂರುತ್ತಿದ್ದವಳು ನಾದಿನಿ. ಗಂಡನ ಜತೆ ಜಗಳವಾಡಿ, ಎರಡು ದಿನ ಇದ್ದು ಹೋಗುತ್ತೇನೆಂದು ಅಣ್ಣನ ಮನೆಗೆ ಬಂದ ಮಹಾತಾಯಿ ಹದಿನೆಂಟು ವರ್ಷವಾದರೂ ಕದಲಿರಲಿಲ್ಲ. ಅಣ್ಣ ತೀರಿಕೊಂಡ ಮೇಲೂ ಹೋಗಲಿಲ್ಲ. ಅತ್ತಿಗೆ ನಾದಿನಿಯರದು ಎಣ್ಣೆ ಸೀಗೆಕಾಯಿ ಸಂಬಂಧ.

ಮುಟ್ಟು ನಿಂತು ಮೂರು ವರ್ಷವಾಗಿದ್ದ ಕತ್ತರಿಯಮ್ಮನಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಏಳು ತಿಂಗಳು ಯಾರಿಗೂ ಉಸಿರು ಬಿಡಲಿಲ್ಲ. ಸೊಂಟ ಹಿಡಿದುಕೊಂಡು ಮಿಷನ್ನಿನ ಮುಂದೆ ಕೂರಲಾರದೆ ಹೋದಾಗ ಆಸ್ಪತ್ರೆ ಮೆಟ್ಟಿಲು ಹತ್ತಿದಳು. ಗರ್ಭಕಂಠದ ಕ್ಯಾನ್ಸರ್ ಅಂದರು.

"ಕತ್ತರಿಸಿ ಬಿಸಾಕಿ ಹಾಗಾದ್ರೆ. ಇವತ್ತೇ ಆಗ್ಲಿ."

"ಈಗ ಆಗಲ್ಲಮ್ಮ" ಎಂದರು ಡಾಕ್ಟರಮ್ಮ. "ಗಡ್ಡೆ ದೊಡ್ಡದಿದೆ, ಅಕ್ಕಪಕ್ಕಕ್ಕೂ ಹಬ್ಬಿದೆ. ಪೂರ್ತಿ ತೆಗೆಯೋಕೆ ಬರಲ್ಲ. ಮೂರು ವಾರಕ್ಕೊಂದರಂತೆ ಮೂರು ಸಲ ಕೀಮೋ ಕೊಡ್ತೀವಿ. ಕುಗ್ಗಿದ್ರೆ ಆಪರೇಷನ್. ಕುಗ್ಗದಿದ್ರೆ ಬೇರೆ ದಾರಿ ನೋಡೋಣ."

"ಕತ್ತರಿಸೋಕೆ ಬರಲ್ಲ ಅಂದ್ರೆ ಬರಲ್ಲ ಅನ್ನಿ, ಕಥೆ ಹೇಳ್ಬೇಡಿ!" ಎಂದು ಗುಡುಗಿ ಎದ್ದಳು. ಜತೆಗೆ ಬಂದಿದ್ದ ನಾದಿನಿ ರಟ್ಟೆ ಹಿಡಿದು ಕೂರಿಸಿದಳು.

ಮೊದಲನೆಯ ಕೀಮೋ ಅವಳನ್ನು ಹಿಂಡಿ ಹಾಕಿತು. ಐದು ದಿನ ವಾಂತಿ. ಬಾಯಿಗೆ ನೀರೂ ಕಬ್ಬಿಣದಂತೆ. ಬೆರಳ ತುದಿ ಜೋಮು ಹಿಡಿದು ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಮೂರನೆಯ ವಾರ ದಿಂಬಿನ ಮೇಲೆ ಕೂದಲು ಕಂತೆಕಂತೆಯಾಗಿ ಉಳಿಯಿತು. ಆವತ್ತೇ ತೀರ್ಮಾನಿಸಿದಳು: ಸೋಮವಾರ ಎರಡನೆಯದಕ್ಕೆ ಹೋಗುವುದಿಲ್ಲ. ಕತ್ತರಿಗೆ ಹೆದರುವವಳಲ್ಲ ಅವಳು. ತೊಟ್ಟುತೊಟ್ಟಾಗಿ ಇಳಿಯುವ ಆ ಔಷಧಿಯನ್ನು ನೋಡುತ್ತ, ಆಸ್ಪತ್ರೆಯ ಆ ಕುರ್ಚಿಯಲ್ಲೇ ಸತ್ತುಹೋಗುತ್ತೇನೆಂದು ಹೆದರಿದ್ದಳು. ಅದನ್ನು ನಾದಿನಿಯ ಮುಂದೆ ಬಾಯಿಬಿಡುವುದುಂಟೇ!

"ಬರಲ್ಲ ಅಂದ್ರೆ ಬರಲ್ಲ" ಎಂದಳು. "ನಾನು ಸತ್ರೆ ಅಂಗಡಿ ನಿನಗೇ ತಾನೆ? ಖುಷಿಪಡು."

ನಾದಿನಿ ಮುಖ ಸಿಂಡರಿಸಿಕೊಂಡು ಹೋದಳು. ಮೂರು ದಿನ ಮನೆತುಂಬ ಪಾತ್ರೆ ಕುಕ್ಕುವ ಸದ್ದು.

ಶನಿವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದ ಕತ್ತರಿಯಮ್ಮ ಕಣ್ಣು ಬಿಟ್ಟರೆ, ನಾದಿನಿ ಕತ್ತರಿಸುವ ಮೇಜಿನ ಮೇಲೆ ನೀಲಿ ಹತ್ತಿಬಟ್ಟೆ ಹರಡಿದ್ದಾಳೆ. ಗಂಜಿಯ ಹೊಳಪು ಇನ್ನೂ ಹೋಗಿಲ್ಲ, ಜವಳಿ ಅಂಗಡಿಯ ಮಡಿಕೆ ಗೆರೆ ಹಾಗೇ ಇದೆ. ಕರಕರನೆ ಕತ್ತರಿ ಓಡಿತು.

"ಅಯ್ಯೋ ನಿನ್ನ ಕೈ ಸೇದಿಹೋಗ! ನೆನೆಸದೆ ಕತ್ತರಿಸ್ತಿದ್ದೀಯಲ್ಲೇ!" ಗೋಡೆ ಹಿಡಿದುಕೊಂಡು ಬಂದೇಬಿಟ್ಟಳು. "ಮೊದಲ ಒಗೆತಕ್ಕೇ ಮುದುಡಿ ಹೋಗುತ್ತೆ. ಹದಿನೆಂಟು ವರ್ಷ ಏನು ಕಲಿತೆ ನನ್ನ ಹತ್ರ? ಯಾರದ್ದೇ ಅದು?"

"ನಂದೇ" ಎಂದಳು ನಾದಿನಿ, ಕತ್ತರಿ ನಿಲ್ಲಿಸದೆ. "ರವಿಕೆ ಹೊಲ್ಕೊಳ್ಳೋಣ ಅಂತ ಎರಡು ವರ್ಷದಿಂದ ಇಟ್ಕೊಂಡಿದ್ದೆ. ಹಾಳಾಗ್ಲಿ ಬಿಡಿ. ನೆನೆಸೋದು, ಕಾಯೋದು ಎಲ್ಲ ಕಥೆ ಅಲ್ವಾ? ಬಟ್ಟೆಗೊಂದು ನ್ಯಾಯ, ನಿಮ್ಮ ಮೈಗೊಂದು ನ್ಯಾಯವಾ ಅತ್ತಿಗೆ?"

ಕತ್ತರಿಯಮ್ಮ ತುಂಡಾದ ಬಟ್ಟೆಯ ಅಂಚು ಹಿಡಿದು ನೋಡಿದಳು. ಆ ನೀಲಿ ಬಟ್ಟೆಯನ್ನು ನಾದಿನಿ ಆಗಾಗ ಟ್ರಂಕಿನಿಂದ ತೆಗೆದು ಸವರಿ ಇಡುತ್ತಿದ್ದದ್ದನ್ನು ಅವಳೇ ನೋಡಿದ್ದಳು.

"ಆ ಕುರ್ಚಿ ಕಂಡ್ರೆ ಭಯ ಕಣೇ" ಎಂದುಬಿಟ್ಟಳು.

"ಗೊತ್ತು. ಪಕ್ಕದಲ್ಲಿ ಕೂತಿರ್ತೀನಿ. ಬಯ್ಯೋದಿದ್ರೆ ನನ್ನ ಬಯ್ತಾ ಇರಿ."

ಬೈದಳು. ಎರಡನೆಯ ಸಲವೂ ಮೂರನೆಯ ಸಲವೂ ಔಷಧಿ ಇಳಿಯುವಷ್ಟು ಹೊತ್ತೂ ಬೈದಳು. ನರ್ಸುಗಳು ಪರದೆಯ ಹಿಂದೆ ನಿಂತು ಕೇಳಿ ನಗುತ್ತಿದ್ದರು. ನಾದಿನಿ ಒಂದಕ್ಕೆರಡು ಉತ್ತರ ಕೊಟ್ಟಳು.

ಕೊನೆಗೆ ಸ್ಕ್ಯಾನ್ ಆಯಿತು. "ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿದೆ. ಈಗ ಆಪರೇಷನ್ ಮಾಡ್ಬಹುದು" ಎಂದರು ಡಾಕ್ಟರಮ್ಮ. ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತಳು. "ಏಯ್, ಇನ್ನೂ ಕತ್ತರಿಸಿಲ್ಲ ಕಣೇ, ಆಗ್ಲೇ ಅಳ್ತೀಯಲ್ಲ" ಎಂದು ಗದರಿದಳು ಕತ್ತರಿಯಮ್ಮ.

ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆ ಅವಳು ಮೇಜಿನ ಮೇಲೊಂದು ಪೊಟ್ಟಣ ಎಸೆದಳು. ಅದೇ ನೀಲಿ, ಹೊಸ ಬಟ್ಟೆ.

"ನೆನೆಸಿ ಒಣಗಿಸಿಡು. ನಾನೇ ಬಂದು ಕತ್ತರಿಸ್ತೀನಿ. ನೀನು ಮುಟ್ಟಿದ್ರೆ ಕೈ ಮುರೀತೀನಿ."

ನಾದಿನಿ ಪೊಟ್ಟಣವನ್ನು ಎದೆಗವಚಿಕೊಂಡಳು.

"ನೀವು ವಾಪಸ್ ಬರ್ಲಿಲ್ಲ ಅಂದ್ರೆ ನೆನೆಸದೇನೇ ಕತ್ತರಿಸಿ ಹಾಕ್ತೀನಿ" ಎಂದಳು. "ನೋಡ್ತಿರಿ."