ಅಪ್ಪ ಕೋಚ್ ಆಗಿದ್ದ ಒಂಬತ್ತು ವರ್ಷ

ಮೊನ್ನೆ ಇಲ್ಲಿ ಸಿಂಗಪುರದ ಕ್ಲೆಮೆಂಟಿಯಲ್ಲಿ ಎಂಆರ್‌ಟಿ ರೈಲು ಹತ್ತಿದ ಹುಡುಗನೊಬ್ಬ ಮಂಡಿಗೆ ನೋವಿನೆಣ್ಣೆ ಹಚ್ಚಿಕೊಂಡಿದ್ದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೆಯ ಫ್ಲ್ಯಾಟಿನ ಅಡುಗೆಮನೆ ಕಣ್ಣಮುಂದೆ ಬಂದಿತು. ಶನಿವಾರ ಮಧ್ಯಾಹ್ನ ಅಲ್ಲಿ ಒಗ್ಗರಣೆಗಿಂತ ಈ ಎಣ್ಣೆಯ ಘಾಟೇ ಹೆಚ್ಚು. ಬೆವರು, ಕೆಸರು, ಹುಲ್ಲು ಮೆತ್ತಿದ ಹದಿನಾಲ್ಕು ಜರ್ಸಿಗಳನ್ನು ಅಪ್ಪ ತಾವೇ ಒಗೆದು, ಬಿದಿರಿನ ಗಳಕ್ಕೆ ಪೋಣಿಸಿ ಕಿಟಕಿಯಾಚೆ ಚಾಚುತ್ತಿದ್ದರು. ತಮ್ಮ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕುತ್ತದೆಂದು ಕೆಳಗಿನ ಮನೆಯ ಆಂಟಿ ದೂರುವುದು, ಅಮ್ಮ ಹೋಗಿ ಸಮಾಧಾನ ಹೇಳುವುದು ವಾರವಾರವೂ ಇದ್ದದ್ದೇ.

ಅಪ್ಪ ಪಾಸಿರ್ ಪಂಜಾಂಗ್ ಬಂದರಿನಲ್ಲಿ ಕ್ರೇನ್ ರಿಪೇರಿಯ ಎಂಜಿನಿಯರ್. ಓದಿದ್ದು ಅಮೆರಿಕದ ಯಾವುದೋ ಸಣ್ಣ ಊರಿನ ಕಾಲೇಜಿನಲ್ಲಿ. ಅಲ್ಲಿನ ಫುಟ್‌ಬಾಲ್ ತಂಡದ ಆಟಗಳನ್ನು ವಿಡಿಯೊ ಮಾಡಿಕೊಡಲು ಹೋದವರು ಆಟವನ್ನೇ ಕಲಿತುಬಿಟ್ಟರು. ನೀವು ಬಲ್ಲ ಫುಟ್‌ಬಾಲ್ ಅಲ್ಲ. ಉದ್ದನೆಯ ಚೆಂಡನ್ನು ಎದೆಗವಚಿಕೊಂಡು ಓಡುವ, ಅಡ್ಡ ಬಂದವರನ್ನು ಹೆಗಲಿನಿಂದ ಗುದ್ದಿ ಕೆಡಹುವ ಅಮೆರಿಕನ್ನರ ಆಟ. ಇಲ್ಲಿ ಅದನ್ನು ಆಡುತ್ತಿದ್ದದ್ದು ಬೆರಳೆಣಿಕೆಯ ತಂಡಗಳು. ಮನೆಯ ಹತ್ತಿರದ ಸಣ್ಣ ಕಾಲೇಜೊಂದರ ಹುಡುಗರಿಗೆ ಹೇಳಿಕೊಡುವವರು ಬೇಕಾಗಿತ್ತು, ಅಪ್ಪ ಸಿಕ್ಕರು. ಹನ್ನೊಂದು ಜನರ ಆಟಕ್ಕೆ ಅಲ್ಲಿದ್ದವರು ಹದಿನಾಲ್ಕೇ. ಇಬ್ಬರಿಗೆ ಪರೀಕ್ಷೆ, ಇಬ್ಬರಿಗೆ ಜ್ವರ ಬಂದರೆ ಮುಗಿಯಿತು. ಎಂಟು ವರ್ಷ ಸೋತರು. ಭಾನುವಾರ ಬೆಳಿಗ್ಗೆ ಅಪ್ಪ ಊಟದ ಮೇಜಿನ ಮೇಲೆ ಕಡಲೆಕಾಳು ನಮ್ಮವರು, ಹೆಸರುಕಾಳು ಎದುರಾಳಿಗಳು ಎಂದು ಜೋಡಿಸಿ, ಎಲ್ಲಿ ತಪ್ಪಿತೆಂದು ನನಗೆ ತೋರಿಸುತ್ತಾ ಕೂರುತ್ತಿದ್ದರು. "ರೀ, ಉಸ್ಲಿಗೆ ನೆನೆಹಾಕ್ಬೇಕು, ನಿಮ್ಮ ಟೀಮ್ ಎತ್ಕೊಡಿ" ಎಂದು ಅಮ್ಮ ಪಾತ್ರೆ ಹಿಡಿದು ನಿಂತಿರುತ್ತಿದ್ದಳು.

ಒಂಬತ್ತನೆಯ ವರ್ಷ ತಂಡ ಫೈನಲ್ ತಲುಪಿತು. ಆಗ ನನಗೆ ಹತ್ತು ವರ್ಷ. ಆಟಕ್ಕೆ ಒಂದು ವಾರವಿದೆ ಎನ್ನುವಾಗ ಕಾಲೇಜಿನವರು ಅಮೆರಿಕದ ಕೋಚ್ ಒಬ್ಬರನ್ನು ಕರೆಸಿದರು. ನೀವು ಜೊತೆಯಲ್ಲಿದ್ದು ಸಹಾಯ ಮಾಡಿ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಒಪ್ಪಿಕೊಂಡು ಬಂದರು.

"ಆಗಲ್ಲ ಅನ್ನೋಕೆ ನಿಮಗೆ ಬಾಯಿರ್ಲಿಲ್ವಾ?" ಎಂದಳು ಅಮ್ಮ.

"ಹುಡುಗರು ಆಡ್ಬೇಕಲ್ವೇನೇ" ಎಂದಷ್ಟೇ ಹೇಳಿ ಅಪ್ಪ ಜರ್ಸಿ ನೆನೆಸಲು ಹೋದರು.

ಫೈನಲ್ ದಿನ ಅಪ್ಪ ನೀರಿನ ಬಾಟಲಿ ತುಂಬಿಸುತ್ತಾ, ಹುಡುಗರ ಕಣಕಾಲಿಗೆ ಪಟ್ಟಿ ಸುತ್ತುತ್ತಾ ಗೆರೆಯಾಚೆ ಇದ್ದರು. ಕೊನೆಯ ನಿಮಿಷದಲ್ಲಿ ನಮ್ಮವರು ಐದು ಪಾಯಿಂಟ್ ಹಿಂದೆ. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಆರು ಪಾಯಿಂಟ್, ಒಂದು ಉದ್ದನೆಯ ಎಸೆತ ಸರಿಬಿದ್ದಿದ್ದರೆ ಗೆದ್ದೇಬಿಡುತ್ತಿದ್ದರು. ಮಧ್ಯದಿಂದ ನುಗ್ಗಿ ಎಂದು ಹೊಸ ಕೋಚ್ ಸನ್ನೆ ಮಾಡಿದರು. ಆದರೆ ಎಡಗಡೆ ಎದುರಾಳಿಗಳಿಲ್ಲದೆ ಪೂರ್ತಿ ಖಾಲಿ. ಮೇಜಿನ ಮೇಲಿನ ಕಾಳು ನೋಡಿ ಬೆಳೆದ ನನಗೇ ಅದು ಕಾಣುತ್ತಿತ್ತು. ಚೆಂಡು ಎಸೆಯಬೇಕಾದ ಹುಡುಗ ವೇ ಜೀ ಹೊಸ ಕೋಚ್ ಅವರ ಹೆಗಲಾಚೆ ಕತ್ತು ಚಾಚಿ ಅಪ್ಪನನ್ನೇ ನೋಡಿದ. ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ಅಪ್ಪ ಬಗ್ಗಿ ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು. ವೇ ಜೀ ಮಧ್ಯದಿಂದ ನುಗ್ಗಿ ಬಿದ್ದ. ಆಟ ಮುಗಿಯಿತು.

ಬಸ್ಸಿನಲ್ಲಿ ನಾನು ಅಳುತ್ತಾ ಕೇಳಿದೆ: "ಯಾಕಪ್ಪಾ ಹೇಳ್ಲಿಲ್ಲ?"

"ಇಬ್ಬರು ಎರಡು ಮಾತು ಹೇಳಿದ್ರೆ ಆ ಹುಡುಗ ಯಾರ ಮಾತು ಕೇಳ್ಬೇಕು, ಪುಟ್ಟಿ?"

ಮುಂದಿನ ವರ್ಷ ಕಾಲೇಜಿನವರು ತಂಡವನ್ನೇ ನಿಲ್ಲಿಸಿದರು. ಅದಾದ ಮೇಲೂ ಎಷ್ಟೋ ಶನಿವಾರ ಅಪ್ಪ ಬೂಟು ಹಾಕಿಕೊಂಡು ಲಿಫ್ಟಿನವರೆಗೆ ಹೋಗಿ, ವಾಪಸು ಬಂದು ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದರು. ನಾನು ಮಾತಾಡಿಸುತ್ತಿರಲಿಲ್ಲ. ತಮ್ಮದನ್ನು ತಮ್ಮದೆನ್ನಲು ಸಂಕೋಚಪಡುವ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಇದ್ದರೆ ಆ ಉರಿ ನಿಮಗೆ ಗೊತ್ತಿರುತ್ತದೆ.

ಹೋದ ತಿಂಗಳು ಹಾಕರ್ ಸೆಂಟರ್‌ನ ಊಟದಂಗಡಿಗಳ ನಡುವೆ ವೇ ಜೀ ಸಿಕ್ಕಿದ. ತಲೆ ನರೆಯುತ್ತಿದೆ, ಟುವಾಸ್‌ನಲ್ಲಿ ಕೆಲಸ. ಅಪ್ಪ ತೀರಿಕೊಂಡದ್ದು ಅವನಿಗೆ ತಿಳಿದಿರಲಿಲ್ಲ. ಹೇಳಿದೆ. ಕಾಫಿ ಕದಡುತ್ತಾ, "ಐ ಸ್ಟಿಲ್ ಆಂಗ್ರಿ ವಿತ್ ಹಿಮ್, ಲಾ" ಎಂದ ಇಲ್ಲಿನವರ ಇಂಗ್ಲಿಷಿನಲ್ಲಿ. ಈ ಸಿಟ್ಟು ನನ್ನೊಬ್ಬಳದೇ ಎಂದುಕೊಂಡಿದ್ದೆ. ಅಪ್ಪನೆದುರು ನಿಂತು ಒಮ್ಮೆಯಾದರೂ ಸರಿಯಾಗಿ ಜಗಳವಾಡಬೇಕಿತ್ತು. ಈಗ ಆ ಜಗಳಕ್ಕೆ ಅಪ್ಪನಿಲ್ಲ. ನಡುವೆ ಬಂದು ಬಿಡಿಸಲು ಅಮ್ಮನೂ ಇಲ್ಲ.