ಹೆರಿಗೆ ಎಂದೇ ಬರೆಯಿರಿ

ನಮ್ಮ ವೈದ್ಯರ ಸಂಘದ ನಿಯಮಗಳೆಲ್ಲ ಸೇರಿದರೆ ಒಂದೂವರೆ ಪುಟ. ಅದರ ಒಂದೇ ಒಂದು ಸಾಲಿಗಾಗಿ ನಾನು ವರ್ಷಗಟ್ಟಲೆ ಜಗಳ ಆಡಿದೆ. ಜಗಳಗಂಟಿ ಎಂಬ ಹೆಸರೂ ಬಂತು. ಬರಲಿ. ಆ ಹೆಸರನ್ನು ಇಟ್ಟುಕೊಂಡೇ ಈ ಕಥೆ ಹೇಳುತ್ತೇನೆ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಬ್ರಹ್ಮಾವರದಿಂದ ಶಿರೂರಿನವರೆಗಿನ ಡಾಕ್ಟರರು ಸೇರಿ ಕಟ್ಟಿಕೊಂಡ ಸಂಘ ಅದು. ತಿಂಗಳಿಗೊಂದು ಭಾನುವಾರ ಕುಂದಾಪುರದ ಒಂದು ಶಾಲೆಯ ಕೋಣೆಯಲ್ಲಿ ಸಭೆ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂರುವುದು, ಒಬ್ಬರು ಒಂದು ಕಾಯಿಲೆಯ ಮೇಲೆ ಮಾತಾಡುವುದು, ಉಳಿದವರು ಪ್ರಶ್ನೆ ಕೇಳಿ ಅವರ ಬೆವರಿಳಿಸುವುದು, ಆಮೇಲೆ ಚಹ ಮತ್ತು ಗೋಳಿಬಜೆ. ಎಲ್ಲರಿಗೂ ಸೇರಿ ಒಂದೇ ಒಂದು ವೈದ್ಯಕೀಯ ಪತ್ರಿಕೆ ಬರುತ್ತಿತ್ತು. ಅದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಊರಿಂದ ಊರಿಗೆ ಪ್ರಯಾಣ ಮಾಡುತ್ತಿತ್ತು. ಓದಿದವರು ಹೆಸರಿನ ಮುಂದೆ ಗೆರೆ ಎಳೆದು ಮುಂದಿನ ಊರಿಗೆ ದಾಟಿಸಬೇಕು. ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಂಡವರ ಮಾನ ಮುಂದಿನ ಸಭೆಯಲ್ಲಿ ಹರಾಜು. ನನ್ನ ಮಾನ ಎರಡು ಸಲ ಹರಾಜಾಗಿದೆ.

ಮದರಾಸಿನಲ್ಲಿ ಓದಿ ಬಂದು ಬೈಂದೂರಿನ ಬಸ್ ನಿಲ್ದಾಣದ ಹತ್ತಿರ ನಾನು ಕ್ಲಿನಿಕ್ ತೆರೆದಾಗ ಆ ಸಂಘದಲ್ಲಿ ನಾನೊಬ್ಬಳೇ ಹೆಂಗಸು. ಡಿಗ್ರಿ ಇತ್ತು, ಧೈರ್ಯ ಇರಲಿಲ್ಲ. ಧೈರ್ಯ ಕೊಟ್ಟದ್ದು ಆ ಶಾಲೆಯ ಬೆಂಚು. ಗಂಗೊಳ್ಳಿಯಲ್ಲಿ ಬಹಳ ವರ್ಷಗಳಿಂದ ಇದ್ದ ಹಿರಿಯ ಡಾಕ್ಟರೊಬ್ಬರು, ಮೀನುಗಾರರ ಬೆರಳಿಗೆ ಹೊಕ್ಕ ಗಾಳವನ್ನು ಹಿಂದಕ್ಕೆ ಎಳೆಯಬಾರದು, ಮುಂದಕ್ಕೆ ನೂಕಿ, ಮೊನೆಯನ್ನು ಕತ್ತರಿಸಿ, ಆಮೇಲೆ ಹೊರಗೆ ತೆಗೆಯಬೇಕು ಎಂದು ಬದನೆಕಾಯಿಗೆ ಗಾಳ ಚುಚ್ಚಿ ನನಗೆ ಕಲಿಸಿದರು. ಮದರಾಸಿನ ಯಾವ ಪ್ರೊಫೆಸರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಆ ಸಂಘದ ಋಣ ನನ್ನ ಮೇಲೆ ಇದೆ, ಇಲ್ಲವೆನ್ನುವುದಿಲ್ಲ. ಸಿಟ್ಟೂ ಇದೆ.

ಸಂಘದಲ್ಲಿ ಸರದಿ ಎಂಬ ಒಂದು ಪದ್ಧತಿ ಇತ್ತು. ಒಬ್ಬ ಡಾಕ್ಟರು ಹಾಸಿಗೆ ಹಿಡಿದರೆ ಉಳಿದವರು ದಿನಕ್ಕೊಬ್ಬರಂತೆ ಹೋಗಿ ಅವರ ಕುರ್ಚಿಯಲ್ಲಿ ಕೂರುವುದು. ಬಾಗಿಲು ಹಾಕಿದ ಕ್ಲಿನಿಕ್ಕಿಗೆ ಜನ ಎರಡು ಸಲ ಬಂದು ನೋಡುತ್ತಾರೆ, ಮೂರನೆಯ ಸಲ ಬೇರೆ ಕಡೆಗೆ ಹೋಗುತ್ತಾರೆ. ಎಲ್ಲರೂ ಒಂಟಿ ಡಾಕ್ಟರರೇ ಆದ್ದರಿಂದ ಎಲ್ಲರಿಗೂ ಈ ಹೆದರಿಕೆ ಇತ್ತು. ಹೀಗಾಗಿ ಸರದಿಯನ್ನು ಯಾರೂ ತಪ್ಪಿಸುತ್ತಿರಲಿಲ್ಲ.

ಗಂಗೊಳ್ಳಿಯ ಡಾಕ್ಟರರು ದೋಣಿಯಿಂದ ಇಳಿಯುವಾಗ ಜಾರಿ ಕಾಲು ಮುರಿದುಕೊಂಡಾಗ ನಾನೂ ಸರದಿ ಕೂತೆ. ಪ್ರತಿ ಬುಧವಾರ ತ್ರಾಸಿಯಲ್ಲಿ ಬಸ್ಸು ಬದಲಿಸಿ ಗಂಗೊಳ್ಳಿಗೆ ಹೋಗುವುದು. ಮೊದಲ ದಿನ ಒಳಗೆ ಬಂದ ಮೀನುಗಾರನೊಬ್ಬ ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

"ಹ್ವಾಯ್, ನಮ್ ಡಾಕ್ಟ್ರ್ ಇಲ್ಯಾ?"

"ಇವತ್ತ್ ನಾನೇ ಡಾಕ್ಟ್ರ್. ಕೂಕಣಿ."

ಅವನು ಕೂರಲಿಲ್ಲ, ಆದರೆ ನಿಂತಲ್ಲಿಂದಲೇ ಕೈ ಚಾಚಿದ. ಬೆರಳಲ್ಲಿ ಗಾಳ. ಎರಡು ತಿಂಗಳು ಹೀಗೆ ಕೂತು, ಡಾಕ್ಟರರು ಕೋಲು ಹಿಡಿದು ನಡೆಯುವ ಹೊತ್ತಿಗೆ ಅವರ ಕ್ಲಿನಿಕ್ಕನ್ನು ಇದ್ದಂತೆಯೇ ಅವರ ಕೈಗೆ ಒಪ್ಪಿಸಿದೆವು.

ಮೂರನೆಯ ವರ್ಷ ನಾನು ಬಸುರಿಯಾದೆ. ದಿನ ತುಂಬುವುದು ನಡು ಮಳೆಗಾಲಕ್ಕೆ, ಜ್ವರ, ಭೇದಿ ಎಲ್ಲ ಒಟ್ಟಿಗೆ ಬರುವ ಕಾಲಕ್ಕೆ. ಶಿರೂರಿನಿಂದ ಈಚೆಗೆ ಹೆಂಗಸರು ಸಂಕೋಚವಿಲ್ಲದೆ ಹೇಳಿಕೊಳ್ಳಬಹುದಾದ ಡಾಕ್ಟರು ನಾನೊಬ್ಬಳೇ. ಆಗಷ್ಟೇ ಅವರು ಮಾತಾಡಲು ಶುರು ಮಾಡಿದ್ದರು. ಎರಡು ತಿಂಗಳು ಬಾಗಿಲು ಹಾಕಿದರೆ ಮೂರು ವರ್ಷದ ಶ್ರಮ ನೀರಿಗೆ ಹೋದಂತೆ. ಹೆರಿಗೆಗಾಗಿ ನನಗೆ ಎರಡು ತಿಂಗಳ ಸರದಿ ಬೇಕು ಎಂದು ಅರ್ಜಿ ಬರೆದುಕೊಂಡು ಬೇಸಿಗೆಯ ಸಭೆಗೆ ಹೋದೆ. ಕೊಡುವುದಿಲ್ಲ ಎಂದು ಯಾರಾದರೂ ಹೇಳಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಅಧ್ಯಕ್ಷರು ಬ್ರಹ್ಮಾವರದವರು, ವಯಸ್ಸಾದವರು, ಯಾರ ಮನಸ್ಸನ್ನೂ ನೋಯಿಸದವರು. ಅವರು ಅರ್ಜಿಯನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ನಿಯಮದಲ್ಲಿ 'ಸದಸ್ಯರು ಕಾಯಿಲೆ ಬಿದ್ದಲ್ಲಿ' ಎಂದಷ್ಟೇ ಇತ್ತು. ಬರೆದವರೆಲ್ಲ ಗಂಡಸರು. ದಿನ ಬೆಳಗಾದರೆ ಹೆರಿಗೆ ಮಾಡಿಸುವ ಡಾಕ್ಟರರೇ ಕೂತು ನಿಯಮ ಬರೆಯುವಾಗ ಡಾಕ್ಟರೂ ಹೆರಬಹುದು ಎಂಬುದು ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಮೊದಲು ಬಾಯಿ ತೆರೆದವರು ಗಂಗೊಳ್ಳಿಯ ಡಾಕ್ಟರರು. "ಹೆರ್ಗಿ ಎಂತ ಸೀಕಾ? ನಾವೇ ಹೆಂಗ್ಸ್ರಿಗೆ ದಿನಾ ಹೇಳುದ್ ಎಂತ? ಹೆದ್ರ್‌ಬೇಡಿ, ಇದ್ ಸೀಕ್ ಅಲ್ಲ ಅಂದೇಳಿ. ಈಗ ಡಾಕ್ಟ್ರಮ್ಮಂಗೆ ಮಾತ್ರ ಸೀಕ್ ಆತ್ತಾ?"

ಎಲ್ಲರೂ ನಕ್ಕರು. ಬುಧವಾರ ಬುಧವಾರ ನಾನು ಕೂತು ಕಾಪಾಡಿದ ಕುರ್ಚಿಯ ಯಜಮಾನರು ಈ ಮಾತಾಡಿದರು. ನನ್ನ ಕಿವಿ ಬಿಸಿಯಾಯಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಅಧ್ಯಕ್ಷರು ದಾರಿ ಹುಡುಕಿದರು. "ಒಂದ್ ಕೆಲ್ಸ ಮಾಡುವ. ಬ್ಲಡ್ ಪ್ರೆಶರ್ ಅಂದೇಳಿ ಬರೆವ. ಸರ್ಟಿಫಿಕೇಟ್ ನಾನೇ ಕೊಡ್ತೆ. ಯಾರಿಗೂ ತೊಂದ್ರಿ ಇಲ್ಲೆ. ಆಯ್ತಲೆ?"

ಕೋಣೆಗೆ ಕೋಣೆಯೇ ನಿಟ್ಟುಸಿರು ಬಿಟ್ಟಿತು. ಗಂಗೊಳ್ಳಿಯವರೂ ತಲೆಯಾಡಿಸಿದರು. ನಾನು ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಗೋಳಿಬಜೆ ಬರುತ್ತಿತ್ತು.

ಹೂಂ ಅನ್ನಲಿಲ್ಲ. ಅದಕ್ಕೆ ಕಾರಣ ಇತ್ತು. ಹಿಂದಿನ ವರ್ಷ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಹೆಂಗಸು ಹೆತ್ತು ಹದಿನೈದು ದಿನಕ್ಕೆ ನನ್ನ ಹತ್ತಿರ ಬಂದಿದ್ದಳು. ಹೆರಿಗೆ ಎಂದರೆ ಕೆಲಸದಿಂದ ತೆಗೆಯುತ್ತಾರೆ, ಬೇರೆ ಏನಾದರೂ ಬರೆದುಕೊಡಿ ಎಂದು ಕೈ ಮುಗಿದಳು. ಉಪಕಾರ ಮಾಡುತ್ತೇನೆ ಎಂದುಕೊಂಡು ಟೈಫಾಯ್ಡ್ ಎಂದು ಬರೆದುಕೊಟ್ಟೆ. ಅಂಟು ರೋಗದವಳು ಹತ್ತು ಜನರ ನಡುವೆ ಬೇಡ ಎಂದು ಮೇಸ್ತ್ರಿ ಅವಳನ್ನು ಗೇಟಿನಿಂದಲೇ ಕಳಿಸಿದ. ನನ್ನ ಕೈಬರಹದಿಂದಲೇ ಅವಳ ಕೆಲಸ ಹೋಯಿತು. ಆ ಚೀಟಿಯನ್ನು ಅವಳು ವಾಪಸು ತಂದು ಮೇಜಿನ ಮೇಲೆ ಇಟ್ಟು ಹೋದಳು. ಬೈದಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

"ನಂಗೆ ಬ್ಲಡ್ ಪ್ರೆಶರ್ ಇಲ್ಲೆ," ಎಂದೆ. "ಇಲ್ದಿದ್ ಸೀಕ್ ನಾನ್ ಬರ್ಸ್ಕಂತಿಲ್ಲೆ. ಹೆರ್ಗಿ ಅಂದೇ ಬರಿನಿ, ಸರದಿ ಕೊಡಿ."

ಕೈ ಎತ್ತಿಸಿದರು. ನನ್ನ ಪರ ಎರಡು ಕೈ, ಅದರಲ್ಲಿ ಒಂದು ನನ್ನದೇ. ಇನ್ನೊಂದು ಶಿರೂರಿನ ಮುದಿ ಡಾಕ್ಟರರದು. ಅವರಿಗೆ ಕಿವಿ ಪೂರ್ತಿ ಮಂದ, ಚಹ ಬಂತೆಂದು ಕೈ ಎತ್ತಿದರು ಎಂದು ಯಾರೋ ತಮಾಷೆ ಮಾಡಿದರು.

ಬೈಂದೂರಿಗೆ ವಾಪಸಾಗಲು ಕುಂದಾಪುರದಿಂದ ಗಂಗೊಳ್ಳಿಗೆ ದೋಣಿ ಹಿಡಿಯಬೇಕಿತ್ತು. ಒಂದೇ ದೋಣಿಯಲ್ಲಿ ಗಂಗೊಳ್ಳಿಯ ಡಾಕ್ಟರರೂ ನಾನೂ ಎದುರು ಬದರು.

"ನಿಮ್ದ್ ಹಟ ಮಾರಾಯ್ರೆ," ಎಂದರು ಅವರು ನಡು ಹೊಳೆಯಲ್ಲಿ. "ಒಂದ್ ಸುಳ್ಳಿಗೆ ಎಂತ ಹೋತಿತ್ತ್?"

"ನಿಮ್ ಕಾಲ್ ಮುರ್ದಾಗ ಸುಳ್ ಬೇಕಾಯ್ತಾ?"

ದೋಣಿ ದಡಕ್ಕೆ ತಾಗಿದಾಗ ಅವರು ನನ್ನನ್ನು ಇಳಿಸಲು ಕೈ ಚಾಚಿದರು. ಏಳು ತಿಂಗಳ ಹೊಟ್ಟೆ, ಅಲುಗುವ ಹಲಗೆ. ಆದರೂ ಆ ಕೈ ಹಿಡಿಯಲಿಲ್ಲ, ದೋಣಿಯವನ ಭುಜ ಹಿಡಿದು ಇಳಿದೆ. ಇವತ್ತು ನೆನೆಸಿದರೆ ಹುಚ್ಚು ಹಟ ಅನ್ನಿಸುತ್ತದೆ, ಆವತ್ತು ಅನ್ನಿಸಲಿಲ್ಲ.

ನೋವು ಶುರುವಾಗುವ ಹಿಂದಿನ ದಿನದವರೆಗೂ ಕ್ಲಿನಿಕ್ಕಿನಲ್ಲಿ ಕೂತೆ. ಆಮೇಲೆ ಬಾಗಿಲಿಗೆ ಹಲಗೆ ತೂಗುಹಾಕಿಸಿದೆ: 'ಡಾಕ್ಟರಮ್ಮನಿಗೆ ಹೆರಿಗೆ. ಕಾಯಿಲೆ ಏನೂ ಇಲ್ಲ. ಬರುತ್ತಾರೆ.' ಬಸ್ಸಿಗೆ ಕಾಯುವವರೆಲ್ಲ ಅದನ್ನು ಓದಿ ಬಾಯಿಗೆ ಬಟ್ಟೆ ಹಿಡಿದು ನಕ್ಕರಂತೆ. ನಮ್ಮ ಮನೆಯವರಿಗೆ ಶಾಲೆಯ ಮೇಷ್ಟ್ರ ಕೆಲಸ, ಮಕ್ಕಳ ಮುಂದೆ ಮುಖ ಎತ್ತಲು ಆಗುವುದಿಲ್ಲ ಎಂದು ಅವರು ಗೊಣಗಿದರು. ಹಲಗೆಯನ್ನು ಮಾತ್ರ ತೆಗೆಯಲಿಲ್ಲ.

ಮಗಳು ಹುಟ್ಟಿದಳು. ಹುಟ್ಟಿದ ಎಂಟನೆಯ ದಿನ, ಕ್ಲಿನಿಕ್ಕಿನ ಆಯಾ ಮನೆಗೆ ಓಡಿ ಬಂದು ಶಿರೂರಿನ ಮುದಿ ಡಾಕ್ಟರು ಬಂದು ಬಾಗಿಲು ತೆಗೆಸಿದ್ದಾರೆ ಎಂದಳು. ಸಂಘ ಕಳಿಸಿರಲಿಲ್ಲ, ತಾವಾಗಿಯೇ ಬಂದಿದ್ದರು. ಚಹಕ್ಕೆ ಕೈ ಎತ್ತಿರಲಿಲ್ಲ ಅವರು. ಸೋಮವಾರ, ಗುರುವಾರ ತಪ್ಪದೆ ಬರತೊಡಗಿದರು. ಆದರೆ ಅವರ ಕಿವಿಗೆ ಕೇಳಿಸಬೇಕಾದರೆ ಬಸ್ ನಿಲ್ದಾಣಕ್ಕೂ ಕೇಳಿಸುವಂತೆ ಹೇಳಬೇಕು. ಹೆಂಗಸರು ತಮ್ಮ ಕಷ್ಟವನ್ನು ಹಾಗೆ ಕೂಗಿ ಹೇಳುತ್ತಾರೆಯೇ? ಜ್ವರ, ಕೆಮ್ಮು ಅವರಿಗೆ ಒಪ್ಪಿಸಿ, ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಯ ಹಿಂಬಾಗಿಲಿಗೆ ಬಂದರು. ಹದಿನೈದನೆಯ ದಿನಕ್ಕೆ ನಾನು ಕಿಟಕಿಯ ಹತ್ತಿರ ಕೂತು, ಮಗುವಿಗೆ ಹಾಲು ಕೊಡುತ್ತ, ರೋಗ ವಿಚಾರಿಸತೊಡಗಿದೆ.

ಆಯಾ ತಲೆ ಚಚ್ಚಿಕೊಂಡಳು. "ಬಾಣಂತಿ ಗಾಳಿಗ್ ಕೂಕಂಬುದಾ? ನಿಮ್ಗ್ ಬುದ್ಧಿ ಇತ್ತಾ ಡಾಕ್ಟ್ರಮ್ಮ?"

ಬುದ್ಧಿ ಇತ್ತು, ಮೈಯಲ್ಲಿ ತ್ರಾಣ ಇರಲಿಲ್ಲ. ಹೊಲಿಗೆ ಹಾಕಿದ ಕಡೆ ನೋವು, ನಿದ್ದೆ ಇಲ್ಲ, ಬಾಗಿಲಲ್ಲಿ ಮೂರು ಜನ. ಒಂದು ದಿನ ಅವರೆಲ್ಲ ಹೋದ ಮೇಲೆ ಗೋಡೆಗೆ ಮುಖ ಮಾಡಿ ಅತ್ತೆ. ಬ್ಲಡ್ ಪ್ರೆಶರ್ ಎಂದು ಬರೆಸಿಕೊಂಡಿದ್ದರೆ ಈಗ ಮಲಗಿರಬಹುದಿತ್ತು ಎಂದೂ ಅಂದುಕೊಂಡೆ. ಅಂದುಕೊಂಡೆ, ನಿಜ. ಆದರೆ ಹಾಗೆ ಬರೆಯಿರಿ ಎಂದು ಸಂಘಕ್ಕೆ ಹೇಳಿ ಕಳಿಸಲಿಲ್ಲ.

ಮುಂದಿನ ಸಭೆಗೆ ಮಗಳನ್ನು ಎತ್ತಿಕೊಂಡೇ ಹೋದೆ. ಹಿಂದಿನ ಸಭೆಯ ವರದಿ ಓದುವುದು ರೂಢಿ. ಕಾರ್ಯದರ್ಶಿ ಓದಿದರು: "ಬೈಂದೂರಿನ ಸದಸ್ಯೆ ಅನಾರೋಗ್ಯದ ಕಾರಣ ಗೈರುಹಾಜರು."

ನಾನು ಎದ್ದು ನಿಂತೆ. "ನನಗೆ ಅನಾರೋಗ್ಯ ಇರಲಿಲ್ಲ. ತಿದ್ದಿ."

"ಒಂದ್ ಶಬ್ದ ಅಲ್ದಾ, ಬಿಡಿ," ಎಂದರು ಅಧ್ಯಕ್ಷರು.

"ತಿದ್ದುವವರೆಗೆ ಕೂರುವುದಿಲ್ಲ," ಎಂದೆ. ಮಗು ಎದ್ದು ರಾಗ ತೆಗೆಯಿತು. ಅದನ್ನು ಪಕ್ಕದ ಬೆಂಚಿನಲ್ಲಿದ್ದ ಶಿರೂರಿನ ಡಾಕ್ಟರರ ತೊಡೆಯ ಮೇಲೆ ಇಟ್ಟೆ, ಅವರಿಗೆ ಅಳು ಕೇಳುತ್ತಿರಲಿಲ್ಲ. ನೇರ ಹೋಗಿ ಗಂಗೊಳ್ಳಿಯ ಡಾಕ್ಟರರ ಮುಂದೆ ನಿಂತು ಕೈ ಚಾಚಿದೆ.

"ಹೆರ್ಗಿ ಸೀಕ್ ಅಲ್ಲ ಅಂದವ್ರ್ ನೀವ್. ಹಂಗಾರೆ ನಂದ್ ಎಂತ ಸೀಕ್? ಕಂಡ್ ಹೇಳಿ."

ತಪ್ಪಿಸಿಕೊಳ್ಳಲು ಅವರಿಗೆ ದಾರಿ ಇರಲಿಲ್ಲ. ನನ್ನ ಮಣಿಕಟ್ಟು ಹಿಡಿದರು, ಕೈಗಡಿಯಾರ ನೋಡಿದರು. ಪೂರಾ ಒಂದು ನಿಮಿಷ ಎಣಿಸಿದರು, ಅಷ್ಟು ಬೇಕಿರಲಿಲ್ಲ. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ನಾಡಿ ಸಮ ಇತ್ತ್. ಆ ಶಬ್ದ ಹೊಡೀನಿ," ಎಂದರು.

ಶಬ್ದವನ್ನು ಹೊಡೆದುಹಾಕಿದರು. ನಿಯಮ ಹಾಗೆಯೇ ಉಳಿಯಿತು. 'ಅಥವಾ ಹೆರಿಗೆಯಾದಲ್ಲಿ' ಎಂದು ಸೇರಿಸಿ ಎಂದು ನಾನು ಆ ವರ್ಷ ಕೇಳಿದೆ, ಮರುವರ್ಷ ಕೇಳಿದೆ, ಅದರ ಮರುವರ್ಷವೂ ಕೇಳಿದೆ. ನಾನು ಎದ್ದರೆ ಸಾಕು, ಚಹ ತರಿಸಿ ಎನ್ನುವವರಿದ್ದರು. ಬಜೆ ತಿಂದು ಕೈ ಒರೆಸಿಕೊಂಡು ಮತ್ತೆ ಕೇಳುತ್ತಿದ್ದೆ. ಕೊನೆಗೊಂದು ವರ್ಷ ಬೇಸತ್ತೋ ಒಪ್ಪಿಯೋ ಕೈ ಎತ್ತಿದರು. ಆ ಹೊತ್ತಿಗೆ ಶಿರೂರಿನ ಮುದಿ ಡಾಕ್ಟರು ತೀರಿಕೊಂಡಿದ್ದರು, ನನಗೆ ಇನ್ನು ಮಕ್ಕಳಾಗುವ ಹಾಗಿರಲಿಲ್ಲ. ನನಗೆಂದು ಯಾರೂ ಆ ಸರದಿ ಕೂರಲಿಲ್ಲ. ಈಗಲೂ ನನಗೆ ಅದಕ್ಕೆ ಸಿಟ್ಟಿದೆ, ದೊಡ್ಡ ಮನಸ್ಸಿನವಳಂತೆ ಮರೆತುಬಿಟ್ಟೆ ಎಂದು ಹೇಳಲು ಬಾಯಿ ಬರುವುದಿಲ್ಲ.

ಎಪ್ಪತ್ತರ ಆಚೀಚೆಗೆ ಬ್ರಹ್ಮಾವರದಲ್ಲಿ ಇನ್ನೊಬ್ಬ ಹೆಣ್ಣುಮಗಳು ಕ್ಲಿನಿಕ್ ತೆರೆದಳು. ಎರಡನೆಯ ವರ್ಷ ಸಭೆಯಲ್ಲಿ ಎದ್ದು, ಮಳೆ ಬರುತ್ತಿದೆ ಎಂದು ಹೇಳುವಷ್ಟು ಹಗುರವಾಗಿ, "ನಂಗೆ ಮುಂದಿನ್ ತಿಂಗ್ಳ್ ಹೆರ್ಗಿ, ಸರದಿ ಹಾಕಿ," ಎಂದು ಕೂತಳು. ಯಾರೂ ನಗಲಿಲ್ಲ, ಕನ್ನಡಕ ಒರೆಸಲಿಲ್ಲ. ಚೀಟಿ ಬೆಂಚಿಂದ ಬೆಂಚಿಗೆ ಹೋಯಿತು. ನನ್ನ ಕೈಗೆ ಬರುವಾಗ ಬುಧವಾರದ ಎದುರು ಗಂಗೊಳ್ಳಿಯ ಡಾಕ್ಟರರ ನಡುಗುವ ಅಕ್ಷರ ಆಗಲೇ ಇತ್ತು. ಸೋಮವಾರದ ಎದುರು ನಾನು ಬರೆದೆ.

ಮೊದಲ ಸೋಮವಾರ ಬೆಳಗ್ಗಿನ ಬಸ್ಸಿಗೆ ಹೋಗಿ ಬ್ರಹ್ಮಾವರದ ಅವಳ ಕುರ್ಚಿಯಲ್ಲಿ ಕೂತೆ. ಮೊದಲು ಬಂದವಳು ಮೊಮ್ಮಗುವನ್ನು ಎತ್ತಿಕೊಂಡ ಅಜ್ಜಿ. ಸುತ್ತ ನೋಡಿ ಮುಖ ಸಣ್ಣ ಮಾಡಿದಳು.

"ನಮ್ ಡಾಕ್ಟ್ರಮ್ಮ ಎಲ್ಲಿ? ಹುಷಾರ್ ಇಲ್ಯಾ ಅವ್ರಿಗೆ?"

"ಹುಷಾರಾಗೇ ಇದ್ರ್," ಎಂದೆ, ಹೊರಗೆ ಬೆಂಚಿನಲ್ಲಿ ಕೂತವರಿಗೂ ಕೇಳುವ ಹಾಗೆ. "ಹೆರ್ಗಿ ಆಯ್ತ್. ಎರಡ್ ತಿಂಗ್ಳ್ ಮಲ್ಕಂತ್ರ್. ಮಗಿನ್ ಇತ್ಲಾಗ್ ಕೊಡಿ."